ಪ್ರಯೋಗಾಲಯದಿಂದ ಪೇಟೆಗೆ: ಜ್ಞಾನಾಧಾರಿತ ಆರ್ಥಿಕತೆಯ ನಡುದಾರಿ

(ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅಧ್ಯಾಪಕರು, ಸಣ್ಣ ಉದ್ಯಮಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮತ ಹಾಕಿ ಹೊರಗೆ ಬಂದಾಗ ತೋರುಬೆರಳಿನ ಮೇಲೆ ಉಳಿಯುವ ಗುರುತು ನಿಮಗೆಲ್ಲ ಗೊತ್ತು. ಆ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. ಚರ್ಮದ ಮೇಲಿನ ಉಪ್ಪಿನಂಶದೊಂದಿಗೆ ಬೆರೆತು ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ತಾಗಿದರೆ ಕಪ್ಪಾಗುತ್ತದೆ. ನೀರಿಗೂ ಜಗ್ಗುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಮುಂದಕ್ಕೆ ಸರಿದ ಮೇಲೆಯೇ ಅದು ಹೋಗುವುದು.

ಈ ಶಾಯಿ ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದನ್ನು ಗಮನಿಸಿ. ಸೂತ್ರ ಸಿದ್ಧವಾದದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಆ ತಂತ್ರಜ್ಞಾನವನ್ನು ಲೈಸೆನ್ಸ್ ಮೂಲಕ ಕಾರ್ಖಾನೆಗೆ ದಾಟಿಸಲು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮವಿತ್ತು. ತಯಾರಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ. ಇಂದು ಅದರ ಹೆಸರು ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. ಕೊಳ್ಳಲು ಚುನಾವಣಾ ಆಯೋಗ ಸಿದ್ಧವಿತ್ತು. 1962ರ ಮೂರನೇ ಮಹಾಚುನಾವಣೆಯಲ್ಲಿ ಶಾಯಿ ಬಳಕೆಗೆ ಬಂತು. ಮುಂದೆ ಹಲವು ದೇಶಗಳಿಗೆ ರಫ್ತೂ ಆಯಿತು.

ಸಂಶೋಧಕ, ಅದನ್ನು ದಾಟಿಸುವವನು, ತಯಾರಕ, ಮೊದಲ ಗಿರಾಕಿ. ನಾಲ್ಕು ಜನ ಸರಪಳಿ ಹಿಡಿದಂತೆ ಕೈ ಹಿಡಿದರು, ಕೆಲಸವಾಯಿತು. ಒಂದು ಕೈ ಜಾರಿದ್ದರೂ ಆ ಸೂತ್ರ ವರದಿಯ ಪುಟದಲ್ಲೇ ಉಳಿಯುತ್ತಿತ್ತು. ಅಭಿವೃದ್ಧಿಶೀಲ ದೇಶವೊಂದು ಜ್ಞಾನಾಧಾರಿತ ಆರ್ಥಿಕತೆಯತ್ತ, ಅಂದರೆ ಹೊಸ ಜ್ಞಾನವೇ ಸಂಪತ್ತಿನ ಮೂಲವಾಗುವ ವ್ಯವಸ್ಥೆಯತ್ತ, ಹೊರಟಾಗ ಬುದ್ಧಿವಂತರ ಕೊರತೆಯಿಂದ ಸೋಲುವುದು ಕಡಿಮೆ. ಸೋಲುವುದು ಈ ಕೈಗಳು ಒಂದನ್ನೊಂದು ಮುಟ್ಟದೆ ಹೋಗುವುದರಿಂದ. ಇವತ್ತು ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ. ಎಲ್ಲಿ ಜಾರುತ್ತದೆ, ಯಾಕೆ ಜಾರುತ್ತದೆ ಎಂಬುದನ್ನು ಭಾರತದ ಉದಾಹರಣೆ ಇಟ್ಟುಕೊಂಡೇ ನೋಡೋಣ.

ಜ್ಞಾನಾಧಾರಿತ ಆರ್ಥಿಕತೆಗೆ ವಿಶ್ವಬ್ಯಾಂಕ್ ನಾಲ್ಕು ಕಂಬಗಳನ್ನು ಗುರುತಿಸಿತ್ತು: ಸರಿಯಾದ ನೀತಿ ಮತ್ತು ಸಂಸ್ಥೆಗಳು, ಶಿಕ್ಷಣ, ಹೊಸ ಶೋಧದ ವ್ಯವಸ್ಥೆ, ಮಾಹಿತಿ ಸಂಪರ್ಕ. ನಮ್ಮಲ್ಲಿ ಇವುಗಳ ಬಗ್ಗೆ ಚಿಂತನೆ ನಡೆದಿಲ್ಲ ಎನ್ನುವಂತಿಲ್ಲ. 2005ರಲ್ಲಿ ಸ್ಯಾಮ್ ಪಿತ್ರೋಡ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಜ್ಞಾನ ಆಯೋಗ ರಚನೆಯಾಯಿತು. ಕರ್ನಾಟಕ 2008ರಲ್ಲಿ ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಜ್ಞಾನ ಆಯೋಗ ಮಾಡಿಕೊಂಡಿತು. ಕಂಬಗಳೇನೋ ನಿಂತಿವೆ. ತೊಲೆ ಕೂರಿಸುವ ಕೆಲಸ ಬಾಕಿ ಇದೆ.

ಮೊದಲು ಹಣದ ಮಾತು. 2020-21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿದ್ದು ಸುಮಾರು 1.27 ಲಕ್ಷ ಕೋಟಿ ರೂಪಾಯಿ, ಅಂದರೆ ಒಟ್ಟು ದೇಶೀಯ ಉತ್ಪನ್ನದ ಶೇ 0.64. ದಕ್ಷಿಣ ಕೊರಿಯಾದಲ್ಲಿ ಇದು ಶೇ 5ರ ಹತ್ತಿರ. ಮೊತ್ತದ ವ್ಯತ್ಯಾಸಕ್ಕಿಂತಲೂ ಯಾರು ಖರ್ಚು ಮಾಡುತ್ತಾರೆ ಎಂಬ ವ್ಯತ್ಯಾಸ ನನ್ನನ್ನು ಹೆಚ್ಚು ಕಾಡುತ್ತದೆ. ಕೊರಿಯಾದಲ್ಲಿ ಈ ಖರ್ಚಿನ ಮುಕ್ಕಾಲು ಪಾಲಿಗಿಂತ ಹೆಚ್ಚು ನಡೆಯುವುದು ಕಂಪನಿಗಳಲ್ಲಿ. ನಮ್ಮಲ್ಲಿ ಖಾಸಗಿ ಕಂಪನಿಗಳ ಪಾಲು ಶೇ 36ರಷ್ಟು. ರಾಜ್ಯ ಸರ್ಕಾರಗಳೆಲ್ಲ ಸೇರಿ ಶೇ 7ನ್ನೂ ಮುಟ್ಟುವುದಿಲ್ಲ. ಖರ್ಚು ಮಾಡುವವನು ಕಂಪನಿಯಾದಾಗ, ಬಂದ ಫಲಿತಾಂಶವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರುತ್ತದೆ. ಸರ್ಕಾರಿ ಪ್ರಯೋಗಾಲಯದಲ್ಲಿ ಫಲಿತಾಂಶ ಬಂದ ಮೇಲೆ ಅದಕ್ಕೊಬ್ಬ ಒಡೆಯನನ್ನು ಹುಡುಕಬೇಕು. ಆ ಹುಡುಕಾಟಕ್ಕೆ ಯೋಜನೆಯ ಬಜೆಟ್ಟಿನಲ್ಲಿ ಬಹಳ ಸಲ ಒಂದು ಸಾಲೂ ಇರುವುದಿಲ್ಲ.

ಇನ್ನು ಪ್ರಯೋಗಾಲಯದ ಒಳಗೇ ಹೋಗೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನೀತಿ ಬರೆಯುವವರಿಗೆ ಕಾಣದ ತೊಡಕುಗಳು ಇರುವುದು ಇಲ್ಲೇ.

ಜೀವವಿಜ್ಞಾನದ ಬಹಳಷ್ಟು ಲ್ಯಾಬ್‌ಗಳಿಗೆ ರಿಸ್ಟ್ರಿಕ್ಷನ್ ಎಂಜೈಮ್ ಬೇಕು. ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಕತ್ತರಿ ಅದು. ಅದನ್ನು ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. ವಿದೇಶದಿಂದ ಅದು ಬರುವುದು ಥರ್ಮೋಕೋಲ್ ಡಬ್ಬಿಯಲ್ಲಿ, ಸುತ್ತ ಡ್ರೈ ಐಸ್ ತುಂಬಿಕೊಂಡು. ಡ್ರೈ ಐಸ್ ಎಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಅದು ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಸಾಮಾನ್ಯ ಡಬ್ಬಿಯಲ್ಲಿ ದಿನಕ್ಕೆ ಹಲವು ಕಿಲೋ ಖಾಲಿ. ಪಾರ್ಸೆಲ್ ಶುಕ್ರವಾರ ಸಂಜೆ ವಿಮಾನ ನಿಲ್ದಾಣ ತಲುಪಿತು ಎಂದುಕೊಳ್ಳಿ. ಇನ್‌ವಾಯ್ಸ್‌ನಲ್ಲಿ ಸುಂಕದ ಸಂಕೇತ ಸಂಖ್ಯೆ ತಪ್ಪಿದೆ, ಅಥವಾ ಅಪಾಯಕಾರಿ ವಸ್ತುವಲ್ಲ ಎಂಬ ಘೋಷಣಾ ಪತ್ರ ಇಲ್ಲ. ಕಸ್ಟಮ್ಸ್‌ನವರು ವಿವರಣೆ ಕೇಳುತ್ತಾರೆ. ಸಂಸ್ಥೆಯ ಖರೀದಿ ವಿಭಾಗ ಮತ್ತೆ ತೆರೆಯುವುದು ಸೋಮವಾರ. ಮಂಗಳವಾರ ಡಬ್ಬಿ ಲ್ಯಾಬ್‌ಗೆ ಬಂದಾಗ ಒಳಗೆ ಡ್ರೈ ಐಸ್ ಇಲ್ಲ. ಎಂಜೈಮ್ ನೋಡಲು ಹಾಗೇ ಇದೆ: ಅದೇ ಬಣ್ಣವಿಲ್ಲದ ದ್ರವ, ಅದೇ ಪುಟ್ಟ ಟ್ಯೂಬ್. ಸಂಶೋಧನಾ ವಿದ್ಯಾರ್ಥಿ ಅದನ್ನೇ ಫ್ರೀಜರ್‌ನಲ್ಲಿಟ್ಟು ಬಳಸುತ್ತಾಳೆ. ಪ್ರಯೋಗ ಕೂಡಿ ಬರುವುದಿಲ್ಲ. ಮೂರು ವಾರ ತನ್ನ ಕೈಯನ್ನೇ ಅನುಮಾನಿಸುತ್ತಾಳೆ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಆರ್ಡರ್ ಹಾಕುವಾಗಲೇ ಸೋಮವಾರ ಅಥವಾ ಮಂಗಳವಾರ ಇಲ್ಲಿ ಇಳಿಯುವಂತೆ ದಿನ ಗೊತ್ತುಮಾಡುವುದು, ಸಾಗಣೆಯವರು ದಾರಿಯಲ್ಲಿ ಡ್ರೈ ಐಸ್ ಮರುತುಂಬಬೇಕೆಂದು ಬರೆಸಿಕೊಳ್ಳುವುದು, ಡಬ್ಬಿಯೊಳಗೆ ತಾಪಮಾನ ದಾಖಲಿಸುವ ಪುಟ್ಟ ಲಾಗರ್ ಇಡಿಸುವುದು, ಬಂದ ದಿನವೇ ಗೊತ್ತಿರುವ ಮಾದರಿಯೊಂದರ ಮೇಲೆ ಪರೀಕ್ಷಿಸುವುದು. ಆದರೆ ಖರೀದಿಯನ್ನೇ ವೃತ್ತಿಯಾಗಿ ಬಲ್ಲ, ವಿಜ್ಞಾನವೂ ತಿಳಿದ ಒಬ್ಬ ಸಿಬ್ಬಂದಿ ಇರುವ ಸಂಸ್ಥೆಗಳು ಎಷ್ಟಿವೆ? ಹೆಚ್ಚಿನ ಕಡೆ ಆ ಹೊರೆಯೂ ಪ್ರಾಧ್ಯಾಪಕರ ತಲೆಯ ಮೇಲೇ.

ನೀತಿಯ ಹೊಯ್ದಾಟ ಬೇರೆ. 2022ರ ಜುಲೈನಲ್ಲಿ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ಉಪಕರಣಗಳಿಗಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ರದ್ದಾಯಿತು. ತೆರಿಗೆ ಶೇ 18ಕ್ಕೆ ಏರಿತು. ಒಂದು ಕೋಟಿಯ ಸೂಕ್ಷ್ಮದರ್ಶಕಕ್ಕೆ ಐದು ಲಕ್ಷ ತೆರಿಗೆ ಲೆಕ್ಕ ಹಾಕಿದ್ದವರು ಹದಿನೆಂಟು ಲಕ್ಷ ಹೊಂದಿಸಬೇಕಾಯಿತು. ಮಂಜೂರಾದ ಗ್ರಾಂಟ್ ಮಾತ್ರ ಹಿಗ್ಗಲಿಲ್ಲ. 2024ರ ಜುಲೈ ಬಜೆಟ್‌ನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಆಮದು ಸುಂಕ ಶೇ 10ರಿಂದ ಒಮ್ಮೆಲೇ ಶೇ 150ಕ್ಕೆ ಏರಿತು. ವಿಜ್ಞಾನಿಗಳು ದನಿ ಎತ್ತಿದರು. ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಸರಿಪಡಿಸಿತು. ತಿದ್ದಿಕೊಂಡದ್ದು ಸ್ವಾಗತಾರ್ಹ. ಆದರೆ ಆ ಶೇ 150 ಪ್ರಕಟವಾಗುವ ಮೊದಲು ಅದರಿಂದ ಲ್ಯಾಬ್‌ಗಳಿಗೆ ಏನಾಗುತ್ತದೆಂದು ಹೇಳಬಲ್ಲ ಒಬ್ಬರು ಆ ಮೇಜಿನ ಸುತ್ತ ಇರಬೇಕಿತ್ತು.

ಒಳ್ಳೆಯ ಬದಲಾವಣೆಗಳೂ ಬಂದಿವೆ. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಂಸ್ಥೆಗಳ ಖರೀದಿ ನಿಯಮ ಸಡಿಲಿಸಿತು. ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿದೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ. ಸಂಶೋಧನೆಗೆ ಬೇಕಾದ ಸಾಮಾನನ್ನು ಸರ್ಕಾರಿ ಇ-ಮಾರುಕಟ್ಟೆಯ ಹೊರಗೆ ಕೊಳ್ಳುವ ಅಧಿಕಾರವೂ ಸಂಸ್ಥೆಯ ಮುಖ್ಯಸ್ಥರಿಗೆ ಸಿಕ್ಕಿದೆ. ನಿಮ್ಮ ಸಂಸ್ಥೆಯ ಲೆಕ್ಕ ವಿಭಾಗಕ್ಕೆ ಈ ಆದೇಶದ ಪ್ರತಿ ತಲುಪಿದೆಯೇ ಎಂದು ದಯವಿಟ್ಟು ನಾಳೆಯೇ ವಿಚಾರಿಸಿ.

ಹಣ ಬರುವ ವೇಳೆಯೂ ಮುಖ್ಯ. ಯೋಜನೆಯ ಕಂತು ಜನವರಿಯಲ್ಲಿ ಖಾತೆಗೆ ಬಿದ್ದು ಮಾರ್ಚ್ 31ರೊಳಗೆ ಖರ್ಚಾಗಬೇಕು ಎಂದರೆ ಜನ ತರಾತುರಿಯಲ್ಲಿ ಕೈಗೆ ಸಿಕ್ಕ ಉಪಕರಣ ಕೊಳ್ಳುತ್ತಾರೆ. ಉಪಕರಣ ಬರುತ್ತದೆ, ಅದನ್ನು ನಡೆಸುವವನ ಸಂಬಳ, ವಾರ್ಷಿಕ ನಿರ್ವಹಣಾ ಒಪ್ಪಂದ, ಸ್ಥಿರ ವಿದ್ಯುತ್‌ಗೆ ಯುಪಿಎಸ್, ಇವ್ಯಾವುವಕ್ಕೂ ಹಣ ಇರುವುದಿಲ್ಲ. ಎರಡು ವರ್ಷದ ಮೇಲೆ ಅದಕ್ಕೆ ಬಟ್ಟೆ ಹೊದಿಸಿ ಮೂಲೆಯಲ್ಲಿ ಇಟ್ಟಿರುತ್ತಾರೆ. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ ಆಗಿದೆ. ಆ ಏರಿಕೆ ನ್ಯಾಯವಾದದ್ದು. ಅದು ತಿಂಗಳು ತಿಂಗಳು ಬರುವುದೂ ಅಷ್ಟೇ ನ್ಯಾಯ. ಮನೆ ಬಾಡಿಗೆ ಕಟ್ಟಬೇಕಾದ ಯುವಕ ಐದಾರು ತಿಂಗಳ ಬಾಕಿಗೆ ಕಾಯಬೇಕಾಗಿ ಬಂದರೆ ಅವನು ಸಂಶೋಧನೆ ಬಿಟ್ಟು ಬೇರೆ ಕೆಲಸ ಹುಡುಕುತ್ತಾನೆ. ಅವನನ್ನು ದೂರುವಂತಿಲ್ಲ.

ಸಂಶೋಧನೆ ಮುಗಿಯಿತು, ಫಲಿತಾಂಶ ಬಂತು. ಈಗ ಎರಡನೇ ಕೈಯ ಸರದಿ. ಇಲ್ಲಿ ಅತಿ ಹೆಚ್ಚು ಕಾಣುವ ತಪ್ಪು, ಮೊದಲು ಪ್ರಬಂಧ ಪ್ರಕಟಿಸಿ ಆಮೇಲೆ ಪೇಟೆಂಟ್ ಬಗ್ಗೆ ಯೋಚಿಸುವುದು. ಪೇಟೆಂಟ್‌ಗೆ ಮೊದಲ ಷರತ್ತೇ ಹೊಸತನ. ನೀವೇ ಜರ್ನಲ್‌ನಲ್ಲಿ ಬರೆದುಬಿಟ್ಟರೆ, ಪಿಎಚ್‌.ಡಿ. ಪ್ರಬಂಧವನ್ನು ಆನ್‌ಲೈನ್ ಭಂಡಾರಕ್ಕೆ ಹಾಕಿದರೆ, ಹೊಸತನ ನಿಮ್ಮಿಂದಲೇ ಹೋಯಿತು. ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ, ಆದರೆ ಅವು ಬಹಳ ಕಿರಿದು, ನಂಬಿ ಕೂರಬೇಡಿ. ಕ್ರಮ ಹೀಗಿರಲಿ: ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಕಾಯ್ದಿರಿಸಿಕೊಳ್ಳಿ. ಶಿಕ್ಷಣ ಸಂಸ್ಥೆ, ಸ್ಟಾರ್ಟಪ್, ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಒಂದು ದಿನ ತಪ್ಪಿದರೂ ಅರ್ಜಿ ಬಿಟ್ಟುಕೊಟ್ಟಂತೆ. 18 ತಿಂಗಳಿಗೆ ಅದು ಪ್ರಕಟವಾಗುತ್ತದೆ. ಆದರೆ ಯಾರೂ ತಾನಾಗಿ ಪರೀಕ್ಷಿಸುವುದಿಲ್ಲ, ನೀವು ಪ್ರತ್ಯೇಕವಾಗಿ ಕೋರಬೇಕು. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ ಈ ಕೋರಿಕೆಯ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. ಹಳೆಯ ಗಡುವನ್ನೇ ನೆನಪಿನಲ್ಲಿಟ್ಟುಕೊಂಡು ಅರ್ಜಿ ಕಳೆದುಕೊಳ್ಳಬೇಡಿ. ಪರೀಕ್ಷಕರ ಮೊದಲ ವರದಿ ಬಂದ ಮೇಲೆ ಉತ್ತರಿಸಲು ಆರು ತಿಂಗಳು.

ಇನ್ನೊಂದು ಕೊರತೆ ಬರವಣಿಗೆಯದು. ಪೇಟೆಂಟ್‌ನ ಬೆಲೆ ಇರುವುದು ಅದರ ಹಕ್ಕುಕೋರಿಕೆಯ ವಾಕ್ಯಗಳಲ್ಲಿ. ‘ಬಿದಿರಿನ ಇದ್ದಿಲಿನಿಂದ 60 ಡಿಗ್ರಿಯಲ್ಲಿ ನೀರು ಶುದ್ಧಗೊಳಿಸುವ ವಿಧಾನ’ ಎಂದಷ್ಟೇ ಬರೆದರೆ ಪಕ್ಕದವನು ತೆಂಗಿನ ಚಿಪ್ಪಿನ ಇದ್ದಿಲು ಹಾಕಿ, 70 ಡಿಗ್ರಿ ಇಟ್ಟು, ನಿಮ್ಮನ್ನು ದಾಟಿ ಹೋಗುತ್ತಾನೆ. ಅತಿ ಅಗಲವಾಗಿ ಬರೆದರೆ ಪರೀಕ್ಷಕರು ತಳ್ಳಿಹಾಕುತ್ತಾರೆ. ವಿಜ್ಞಾನವನ್ನೂ ಕಾನೂನನ್ನೂ ಬಲ್ಲವರ ಕೈಗಳು ಇದಕ್ಕೆ ಬೇಕು. 2023-24ರಲ್ಲಿ ಭಾರತದ ಪೇಟೆಂಟ್ ಕಚೇರಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ನೀಡಿತು. ಸಂತೋಷ. ಆದರೆ ಕಾಲೇಜುಗಳು ಶ್ರೇಯಾಂಕದ ಅಂಕಕ್ಕಾಗಿ ಅರ್ಜಿ ಹಾಕಿ, ನವೀಕರಣ ಶುಲ್ಕ ಕಟ್ಟದೆ ಬಿಟ್ಟುಬಿಡುವ ಪೇಟೆಂಟ್‌ಗಳಿಂದ ಯಾರಿಗೂ ಉಪಯೋಗವಿಲ್ಲ. ಎಷ್ಟು ಪೇಟೆಂಟ್ ಎಂದು ಕೇಳುವ ಬದಲು ಎಷ್ಟು ಲೈಸೆನ್ಸ್ ಆದವು, ಎಷ್ಟು ರಾಯಧನ ಬಂತು ಎಂದು ಕೇಳಲು ಶುರುಮಾಡಬೇಕು.

ಇನ್ನು ಕಾರ್ಖಾನೆ. ನಡುದಾರಿಯಲ್ಲಿ ಅತಿ ಕಠಿಣವಾದ ಏರು ಇದೇ. ಒಂದು ಲೀಟರ್ ಫ್ಲಾಸ್ಕ್‌ನಲ್ಲಿ ಚೆನ್ನಾಗಿ ನಡೆದ ರಾಸಾಯನಿಕ ಕ್ರಿಯೆ ಸಾವಿರ ಲೀಟರ್ ರಿಯಾಕ್ಟರ್‌ನಲ್ಲಿ ಯಾಕೆ ಕೆಡುತ್ತದೆ? ಲೆಕ್ಕ ಸರಳ. ಪಾತ್ರೆಯ ಎತ್ತರ, ಅಗಲ ಹತ್ತು ಪಟ್ಟಾದರೆ ಒಳಗಿನ ದ್ರವ ಸಾವಿರ ಪಟ್ಟಾಗುತ್ತದೆ, ಆದರೆ ಗೋಡೆಯ ವಿಸ್ತೀರ್ಣ ನೂರು ಪಟ್ಟು ಮಾತ್ರ. ಬಿಸಿ ಹುಟ್ಟುವುದು ದ್ರವದಲ್ಲಿ, ಹೊರಗೆ ಹೋಗುವುದು ಗೋಡೆಯ ಮೂಲಕ. ಹಾಗಾಗಿ ಪ್ರತಿ ಲೀಟರ್‌ಗೆ ಸಿಗುವ ತಂಪು ಹತ್ತನೇ ಒಂದಕ್ಕೆ ಇಳಿಯುತ್ತದೆ. ಫ್ಲಾಸ್ಕ್‌ನಲ್ಲಿ ಐಸ್ ಬಟ್ಟಲು ಸಾಕಾಗಿತ್ತು. ಇಲ್ಲಿ ಸುರುಳಿ ಕೊಳವೆಯಲ್ಲಿ ತಣ್ಣೀರು ಹಾಯಿಸಬೇಕು, ರಾಸಾಯನಿಕವನ್ನು ಒಮ್ಮೆಲೇ ಸುರಿಯದೆ ಗಂಟೆಗಟ್ಟಲೆ ಹನಿಹನಿಯಾಗಿ ಸೇರಿಸಬೇಕು. ಕಲಕುವುದೂ ಹಾಗೆಯೇ: ಫ್ಲಾಸ್ಕ್‌ನಲ್ಲಿ ಸೆಕೆಂಡುಗಳಲ್ಲಿ ಬೆರೆಯುವುದು ದೊಡ್ಡ ತೊಟ್ಟಿಯಲ್ಲಿ ಬೆರೆಯಲು ನಿಮಿಷಗಳೇ ಬೇಕು, ಅಷ್ಟರಲ್ಲಿ ಒಂದು ಮೂಲೆಯಲ್ಲಿ ಬೇಡದ ವಸ್ತು ಹುಟ್ಟಿರುತ್ತದೆ.

ಆದ್ದರಿಂದ ಒಂದರಿಂದ ಸಾವಿರಕ್ಕೆ ನೆಗೆಯುವಂತಿಲ್ಲ. ನಡುವೆ ಹತ್ತು, ಐವತ್ತು, ನೂರು ಲೀಟರಿನ ಪೈಲಟ್ ಘಟಕ ಬೇಕು. ತಂತ್ರಜ್ಞಾನದ ಸಿದ್ಧತೆಯನ್ನು 1ರಿಂದ (ಬರೀ ಮೂಲ ಕಲ್ಪನೆ) 9ರವರೆಗಿನ (ಬಳಕೆಗೆ ಪೂರ್ತಿ ಸಿದ್ಧ) ಮೆಟ್ಟಿಲುಗಳಲ್ಲಿ ಅಳೆಯುವ ಪದ್ಧತಿಯಿದೆ. ವಿಶ್ವವಿದ್ಯಾಲಯ ಮೂರನೇ ಮೆಟ್ಟಿಲಿಗೆ ನಿಲ್ಲುತ್ತದೆ, ಕಂಪನಿ ಏಳನೆಯದಕ್ಕೆ ಬಂದ ಮೇಲೆ ಕೈ ಚಾಚುತ್ತದೆ. ನಾಲ್ಕರಿಂದ ಏಳರವರೆಗೆ ಯಾರದ್ದೂ ಅಲ್ಲದ ನೆಲ. ಅಲ್ಲಿ ಪ್ರಬಂಧ ಬರೆಯುವಂಥದ್ದೇನೂ ಸಿಗುವುದಿಲ್ಲ, ಲಾಭವೂ ಹುಟ್ಟುವುದಿಲ್ಲ, ಖರ್ಚು ಮಾತ್ರ ಹಲವು ಪಟ್ಟು. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿ ನಾಲ್ಕನೇ ಮೆಟ್ಟಿಲಿನಿಂದ ಮೇಲಿನ ಯೋಜನೆಗಳಿಗೆ ದೀರ್ಘಾವಧಿ ಸಾಲ ಕೊಡುವ ಉದ್ದೇಶದ್ದು. ರೋಗ ಎಲ್ಲಿದೆಯೋ ಅಲ್ಲಿಗೇ ಮದ್ದು ಹಚ್ಚುವ ಯತ್ನ ಇದು. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸಾಲದ ಜೊತೆಗೆ ಪೈಲಟ್ ಘಟಕ ನಡೆಸಬಲ್ಲ ಜನವೂ ಬೇಕು.

ಆ ಜನ ಯಾರು? ಫಿಟ್ಟರ್, ಟೂಲ್ ಅಂಡ್ ಡೈ ಮೇಕರ್ (ಅಚ್ಚು ತಯಾರಿಸುವವನು), ಉಪಕರಣ ತಂತ್ರಜ್ಞ, ಗುಣಮಟ್ಟ ಪರೀಕ್ಷಕ. ಜ್ಞಾನಾಧಾರಿತ ಆರ್ಥಿಕತೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಪಿಎಚ್‌.ಡಿ. ಪಡೆದವರು ಮತ್ತು ಸಾಫ್ಟ್‌ವೇರ್ ಎಂಜಿನಿಯರ್‌ಗಳು. ಅಚ್ಚಿನಲ್ಲಿ ಹತ್ತು ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಪಾಲು) ಹೆಚ್ಚುಕಡಿಮೆ ಆದದ್ದನ್ನು ಕೈಯಲ್ಲೇ ಗುರುತಿಸಬಲ್ಲವನದ್ದೂ ಜ್ಞಾನವೇ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎನ್ನುವುದು, ಇಂಥವರನ್ನು ತಯಾರು ಮಾಡುತ್ತ ಬಂದಿದೆ. ಈಗ ಹಲವು ಜಿಲ್ಲೆಗಳಲ್ಲಿ ಅದರ ಕೇಂದ್ರಗಳಿವೆ. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜು ಮತ್ತು ಅಲ್ಲಿನ ಜಿಟಿಟಿಸಿ ನಡುವೆ ಒಂದು ಒಪ್ಪಂದವಾದರೆ, ವಿದ್ಯಾರ್ಥಿಯ ಡ್ರಾಯಿಂಗ್ ಅಲ್ಲೇ ಲೋಹವಾಗಬಹುದು.

ನಡುದಾರಿ ದಾಟಿದ ನಮ್ಮದೇ ಉದಾಹರಣೆ ಇನ್ನೊಂದಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾದದ್ದು 1950ರಲ್ಲಿ. ಆಗ ಶಿಶು ಆಹಾರದ ಪುಡಿ ಆಮದಾಗುತ್ತಿತ್ತು. ನಮ್ಮಲ್ಲಿ ಹೇರಳವಾಗಿದ್ದ ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಅದರ ಮೊಸರು ಗಟ್ಟಿ, ಮಗುವಿಗೆ ಜೀರ್ಣಿಸಿಕೊಳ್ಳುವುದು ಕಷ್ಟ. ಸಂಸ್ಥೆಯ ವಿಜ್ಞಾನಿಗಳು ಆ ಹಾಲನ್ನು ಶಿಶುವಿಗೆ ಒಗ್ಗುವಂತೆ ಹದಗೊಳಿಸಿ ಒಣಗಿಸುವ ವಿಧಾನ ರೂಪಿಸಿದರು. ಗುಜರಾತಿನ ಆನಂದ್ ಎಂಬ ಊರಿನ ಹಾಲು ಸಹಕಾರ ಸಂಘ, ಅಮುಲ್, ಅದನ್ನು ಕಾರ್ಖಾನೆಯ ಮಟ್ಟಕ್ಕೆ ಒಯ್ದಿತು. ಇಲ್ಲಿಯೂ ಕೈಗಳು ಒಂದನ್ನೊಂದು ಮುಟ್ಟಿದವು. ತಯಾರಕ ಸ್ವತಃ ರೈತರ ಸಂಸ್ಥೆಯಾದ್ದರಿಂದ ಹಾಲಿನ ಪೂರೈಕೆಗೂ ತೊಂದರೆ ಇರಲಿಲ್ಲ.

ಬೆಂಗಳೂರಿನ ಕಡೆಗೊಮ್ಮೆ ನೋಡೋಣ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂತು. ಇಂದು ದೇಶದಲ್ಲಿ ವಿದೇಶಿ ಕಂಪನಿಗಳ 1,700ಕ್ಕೂ ಹೆಚ್ಚು ಜಾಗತಿಕ ಸಾಮರ್ಥ್ಯ ಕೇಂದ್ರಗಳಿವೆ (ತಮ್ಮದೇ ಮಾತೃ ಕಂಪನಿಗಾಗಿ ಇಲ್ಲಿ ಕೆಲಸ ಮಾಡುವ ಕಚೇರಿಗಳು), ಅತಿ ಹೆಚ್ಚಿನವು ಬೆಂಗಳೂರಿನಲ್ಲೇ. ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಸುಮಾರು ಐದನೇ ಒಂದು ಪಾಲು ಭಾರತದಲ್ಲಿದ್ದಾರೆ ಎನ್ನುತ್ತಾರೆ. ಕೆಲಸ ಉನ್ನತ ಮಟ್ಟದ್ದು, ಸಂಬಳವೂ ಒಳ್ಳೆಯದು, ಅದರಿಂದ ಊರು ಬೆಳೆದಿದೆ. ಆದರೆ ಒಪ್ಪಂದದ ಪ್ರಕಾರ ವಿನ್ಯಾಸದ ಒಡೆತನ ಮಾತೃ ಕಂಪನಿಯದು. ಬೌದ್ಧಿಕ ಆಸ್ತಿ ಬಳಸಲು ಭಾರತ ಹೊರದೇಶಗಳಿಗೆ ಕೊಡುವ ಮೊತ್ತ, ನಮಗೆ ಬರುವ ಮೊತ್ತಕ್ಕಿಂತ ಹಲವು ಪಟ್ಟು ಹೆಚ್ಚು. ಗದ್ದೆಯಲ್ಲಿ ದುಡಿಯುವುದು ನಾವು, ಪಹಣಿ ಇನ್ನೊಬ್ಬರ ಹೆಸರಿನಲ್ಲಿ. ಆ ಕೇಂದ್ರಗಳಲ್ಲಿ ಹದಿನೈದು ವರ್ಷ ಪಳಗಿದವರು ಹೊರಬಂದು ತಮ್ಮದೇ ವಿನ್ಯಾಸದ ಕಂಪನಿ ಕಟ್ಟುವಾಗ ಅವರಿಗೆ ಬೇಕಾದದ್ದು ವಿನ್ಯಾಸದ ದುಬಾರಿ ಸಾಫ್ಟ್‌ವೇರ್ ಹಂಚಿಕೊಳ್ಳುವ ವ್ಯವಸ್ಥೆ, ಮೊದಲ ಮಾದರಿ ಚಿಪ್ ತಯಾರಿಸಿಕೊಳ್ಳಲು ಹಣ. ಒಡೆತನ ನಮ್ಮಲ್ಲೇ ಉಳಿದು ಜಗತ್ತಿಗೆ ಹೋದದ್ದೂ ಉಂಟು: 2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಶುರುವಾದ ಮೋಸಿಪ್ ಎಂಬ, ದೇಶಗಳು ತಮ್ಮ ನಾಗರಿಕರ ಡಿಜಿಟಲ್ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಬಹುದಾದ ಮುಕ್ತ ತಂತ್ರಾಂಶ ವೇದಿಕೆಯನ್ನು ಫಿಲಿಪ್ಪೀನ್ಸ್, ಮೊರಾಕ್ಕೊ ದೇಶಗಳು ಬಳಸುತ್ತಿವೆ.

ಶಾಲೆಯ ಮಾತು ಬಿಟ್ಟರೆ ಇದೆಲ್ಲ ಬುಡವಿಲ್ಲದ ಮಾತು. ಮಕ್ಕಳ ಓದು, ಲೆಕ್ಕ ಎಷ್ಟು ಬರುತ್ತದೆಂದು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಓದು ಬಾರದ ಮಗುವಿಗೆ ಏಳನೇ ತರಗತಿಯ ವಿಜ್ಞಾನ ಕೇವಲ ಶಬ್ದ. ಕನ್ನಡದಲ್ಲಿ ಓದಿ ಬಂದವಳು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ‘ಮೊಮೆಂಟ್ ಆಫ್ ಇನರ್ಶಿಯಾ’ ಎಂಬ ಮಾತಿನೆದುರು ಕಂಗಾಲಾಗುತ್ತಾಳೆ. ತಿರುಗುವ ವಸ್ತುವಿನ ಜಡತ್ವದ ಅಳತೆ ಎಂದು ಒಮ್ಮೆ ಕನ್ನಡದಲ್ಲಿ ಹೇಳಿ, ಬೀಸುವ ಕಲ್ಲನ್ನು ತೋರಿಸಿದರೆ ಕ್ಷಣದಲ್ಲಿ ಹಿಡಿಯುತ್ತಾಳೆ. 2021ರಿಂದ ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಅವಕಾಶ ಕೊಟ್ಟಿದೆ. ಪೂರ್ತಿ ಪದವಿ ಕನ್ನಡದಲ್ಲೇ ಎಂದರೆ ಕೆಲಸದ ಸಂದರ್ಶನದ ಭಯದಿಂದ ಪೋಷಕರು ಹಿಂಜರಿಯುವುದು ಸಹಜ. ಮೊದಲ ಎರಡು ಸೆಮಿಸ್ಟರ್ ಎರಡೂ ಭಾಷೆಯಲ್ಲಿ ಪಾಠ, ಎರಡೂ ಭಾಷೆಯಲ್ಲಿ ಉತ್ತರ ಬರೆಯುವ ಅವಕಾಶ ಎಂದು ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ ಎಂಬುದು ನನ್ನ ನಂಬಿಕೆ.

ಕೊನೆಯ ಕೈ ಮೊದಲ ಗಿರಾಕಿಯದು. ನಮ್ಮ ದೇಶದಲ್ಲಿ ಅತಿ ದೊಡ್ಡ ಗಿರಾಕಿ ಸರ್ಕಾರ. ಯುವ ತಂಡವೊಂದು ನವಜಾತ ಶಿಶುವಿನ ಮೈ ಬೆಚ್ಚಗಿಡುವ ಉಪಕರಣ ಮಾಡಿದೆ ಎನ್ನೋಣ. ಜಿಲ್ಲಾ ಆಸ್ಪತ್ರೆಗೆ ಅದು ಬೇಕು. ಟೆಂಡರ್ ತೆರೆದು ನೋಡಿದರೆ: ಹಿಂದಿನ ಮೂರು ವರ್ಷ ಇಂತಿಷ್ಟು ಕೋಟಿ ವಹಿವಾಟು ಇರಬೇಕು, ಇದೇ ಬಗೆಯ ಉಪಕರಣ ಸರ್ಕಾರಿ ಆಸ್ಪತ್ರೆಗಳಿಗೆ ಪೂರೈಸಿದ ಅನುಭವ ಇರಬೇಕು, ಅತಿ ಕಡಿಮೆ ದರ ಕೂಗಿದವರಿಗೆ ಆರ್ಡರ್. ಹೊಸ ವಸ್ತುವಿಗೆ ಹಳೆಯ ಅನುಭವ ಎಲ್ಲಿಂದ ತರುವುದು? ಕೇಂದ್ರದ ಹಣಕಾಸು ನಿಯಮಗಳು ಗುಣಮಟ್ಟಕ್ಕೆ ಧಕ್ಕೆಯಾಗದಂತೆ ಸ್ಟಾರ್ಟಪ್‌ಗಳಿಗೆ ವಹಿವಾಟು, ಅನುಭವದ ಷರತ್ತು ಸಡಿಲಿಸಬಹುದು ಎನ್ನುತ್ತವೆ. ‘ಸಡಿಲಿಸಬಹುದು’ ಎಂದಷ್ಟೇ ಇರುವುದರಿಂದ, ನಾಳೆ ಲೆಕ್ಕಪರಿಶೋಧನೆಯಲ್ಲಿ ಪ್ರಶ್ನೆ ಬಂದೀತು ಎಂಬ ಭಯಕ್ಕೆ ಅಧಿಕಾರಿ ಹಳೆಯ ನಮೂನೆಯನ್ನೇ ನಕಲು ಮಾಡುತ್ತಾರೆ. ಆರ್ಡರ್ ಸಿಕ್ಕರೂ ಹಣ ಬರುವುದು ತಡ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಪಾವತಿಸಬೇಕು, ತಪ್ಪಿದರೆ ಬಡ್ಡಿ ಕೊಡಬೇಕು. ಆ ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಹೋದೀತೆಂದು ಯಾರೂ ಬಾಯಿ ಬಿಡುವುದಿಲ್ಲ.

ಇಲ್ಲಿ ಬೇಕಾದದ್ದು ಸಣ್ಣ ಪ್ರಮಾಣದ ಪರೀಕ್ಷಾ ಖರೀದಿ. ಸುರಕ್ಷತಾ ಪ್ರಮಾಣಪತ್ರ ಪಡೆದ ಹತ್ತೋ ಇಪ್ಪತ್ತೋ ಉಪಕರಣಗಳನ್ನು ಸರ್ಕಾರ ಪೂರ್ತಿ ಬೆಲೆ ಕೊಟ್ಟು ಕೊಂಡು, ಎರಡು ಜಿಲ್ಲಾ ಆಸ್ಪತ್ರೆಗಳಲ್ಲಿ ಆರು ತಿಂಗಳು ಬಳಸಬೇಕು. ಪ್ರತಿ ಉಪಕರಣದ ಪಕ್ಕದಲ್ಲಿ ಒಂದು ನೋಟ್‌ಬುಕ್ ತೂಗುಹಾಕಬೇಕು. ಕರೆಂಟ್ ಹೋದಾಗ ಎಷ್ಟು ನಿಮಿಷ ಬೆಚ್ಚಗಿತ್ತು, ಯಾವ ಗುಂಡಿ ಗಟ್ಟಿಯಾಯಿತು, ಒರೆಸುವಾಗ ದ್ರಾವಣ ಯಾವ ಸಂದಿಗೆ ಇಳಿಯಿತು, ರಾತ್ರಿ ಅಲಾರಂ ಎಷ್ಟು ಸಲ ಸುಮ್ಮಸುಮ್ಮನೆ ಕೂಗಿತು ಎಂದು ವಾರ್ಡಿನ ನರ್ಸ್ ಕನ್ನಡದಲ್ಲೇ ಬರೆದಿಡಲಿ. ಎಂಜಿನಿಯರ್ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕೂತು ಓದಲಿ. ಎರಡನೇ ಮಾದರಿಯ ಡ್ರಾಯಿಂಗ್ ಶುರುವಾಗಬೇಕಾದದ್ದು ಆ ನೋಟ್‌ಬುಕ್ಕಿನ ಸಾಲುಗಳಿಂದ.